ಪುಂಗಿಯಿಲ್ಲದೆ ಹುಟ್ಟಿದ ಪುಂಗಿಯ ಧಾಟಿ

ಚಿಂತಾಮಣಿಯಲ್ಲಾಗಲಿ ಶಿಡ್ಲಘಟ್ಟದಲ್ಲಾಗಲಿ, ಹೂವಿನ ಪಲ್ಲಕ್ಕಿಯ ಮುಂದೆ ಬ್ಯಾಂಡ್‌ಸೆಟ್ ಹೊರಟಿತೆಂದರೆ ಮೊದಲು ಗಣಪನ ಮೇಲೊಂದು, ಆಮೇಲೆ ರಾಜ್‌ಕುಮಾರ್ ಹಾಡೊಂದು, ಅದರ ಬೆನ್ನಿಗೆ ತೆಲುಗಿನ ಎರಡು. ಅಷ್ಟು ಹೊತ್ತಿಗೆ ಹುಡುಗರ ಗುಂಪಿನಿಂದ ಕೂಗು ಏಳುತ್ತದೆ: 'ಅಣ್ಣಾ, ನಾಗಿನ್ ಹೊಡೀರಣ್ಣಾ!' ಕ್ಲಾರಿನೆಟ್‌ನವರು ಉಸಿರು ತುಂಬಿಕೊಳ್ಳುತ್ತಾರೆ. ಒಬ್ಬ ಕರ್ಚೀಫಿನ ತುದಿಯನ್ನು ಹಲ್ಲಲ್ಲಿ ಕಚ್ಚಿ ಪುಂಗಿ ಊದುವವನಾಗುತ್ತಾನೆ, ಇನ್ನೊಬ್ಬ ಎರಡೂ ಕೈ ಎತ್ತಿ ಹೆಡೆ ಬಿಚ್ಚುತ್ತಾನೆ. ಇಸ್ತ್ರಿ ಮಾಡಿದ ಬಿಳಿ ಅಂಗಿಯನ್ನೂ ಲೆಕ್ಕಿಸದೆ ಟಾರು ರಸ್ತೆಯ ಮೇಲೆ ಹೊರಳಾಡುವವನು ಸಾಮಾನ್ಯವಾಗಿ ಮದುಮಗನ ಸೋದರಮಾವನ ಮಗ.

ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಎರಡೂ ಬೆರೆತ ಮಾತು ಇರುವ ಸೀಮೆ ನಮ್ಮದು. ಯಾವ ಭಾಷೆಯ ಹಾಡು ಬಾರಿಸಬೇಕೆಂದು ಮೆರವಣಿಗೆಯಲ್ಲಿ ಆಗೀಗ ಜಗ್ಗಾಟವಾಗುವುದುಂಟು. ನಾಗಿನ್‌ಗೆ ಆ ತಕರಾರಿಲ್ಲ, ಏಕೆಂದರೆ ಬೀದಿಗೆ ಬಂದಿರುವುದು ಹಾಡಿನ ಮಾತಲ್ಲ, ವಾದ್ಯದ ಧಾಟಿ ಮಾತ್ರ.

ಧಾಟಿಯ ಮೂಲ 1954ರ ಹಿಂದಿ ಚಿತ್ರ 'ನಾಗಿನ್'. ನಾಯಕಿ ಮಂಡ್ಯಂ ಅಯ್ಯಂಗಾರ್ ಮನೆತನದ ವೈಜಯಂತಿಮಾಲಾ, ಸಂಗೀತ ಹೇಮಂತ್ ಕುಮಾರ್. ಲತಾ ಮಂಗೇಶ್ಕರ್ ಹಾಡಿದ 'ಮನ್ ಡೋಲೆ ಮೇರಾ ತನ್ ಡೋಲೆ'ಯ ನಡುನಡುವೆ ಸುಳಿಯುವ ಪುಂಗಿಯ ನಾದ ಹಾಡಿನಷ್ಟೇ ಹೆಸರಾಯಿತು. ಕೇಳಿದವರೆಲ್ಲ ಹಾವಾಡಿಗನನ್ನೇ ಕರೆಸಿ ನುಡಿಸಿರಬೇಕು ಅಂದುಕೊಂಡರು. ಆದರೆ ಅಲ್ಲಿ ಪುಂಗಿಯೇ ಇರಲಿಲ್ಲ. ಹೇಮಂತ್ ಕುಮಾರರ ಸಹಾಯಕರಾಗಿದ್ದ ಕಲ್ಯಾಣ್‌ಜೀ ಕ್ಲಾವಿಯೋಲಿನ್ ಎಂಬ ವಿದ್ಯುತ್ ವಾದ್ಯವನ್ನೂ, ಇನ್ನೊಬ್ಬ ಸಹಾಯಕ ರವಿ ಹಾರ್ಮೋನಿಯಮ್ಮನ್ನೂ ನುಡಿಸಿ ಆ ನಾದವನ್ನು ಹುಟ್ಟಿಸಿದ್ದರು. ಮುಂದೆ ಇಬ್ಬರೂ ದೊಡ್ಡ ಸಂಗೀತ ನಿರ್ದೇಶಕರಾದರು. ಕಲ್ಯಾಣ್‌ಜೀ ತಮ್ಮ ಆನಂದ್‌ಜೀ ಜೊತೆಗೂಡಿ, ರವಿ ಒಂಟಿಯಾಗಿ.

ಕ್ಲಾವಿಯೋಲಿನ್ 1947ರಲ್ಲಿ ಫ್ರಾನ್ಸಿನ ಕಾನ್‌ಸ್ಟಂಟ್ ಮಾರ್ಟಿನ್ ರೂಪಿಸಿದ ಪುಟ್ಟ ವಾದ್ಯ. ಪಿಯಾನೋದ ಅಂಚಿಗೆ ಸಿಕ್ಕಿಸಿಕೊಂಡು ನುಡಿಸಬಹುದಾದಷ್ಟು ಚಿಕ್ಕದು. ಒಳಗೆ ಹಳೆಯ ರೇಡಿಯೊದಂತೆ ವಾಲ್ವುಗಳು. ಒಂದು ಸಲಕ್ಕೆ ಒಂದೇ ಸ್ವರ ಹೊರಡುತ್ತದೆ. ಎರಡು ಮನೆ ಒಟ್ಟಿಗೆ ಒತ್ತಿದರೂ ಅಷ್ಟೇ. ಸ್ವರವನ್ನು ನಡುಗಿಸಲು ಗುಂಡಿಗಳು, ದನಿ ಏರಿಸಿ ಇಳಿಸಲು ಮೊಣಕಾಲಿನಿಂದ ತಳ್ಳುವ ಸನ್ನೆ. ಪಿಯಾನೋದವರಿಗೆ ಕೊರತೆಯಾಗಿ ಕಂಡಿರಬಹುದಾದ ಈ ಒಂಟಿ ಸ್ವರ, ಮೂಗಿನ ದನಿ, ನಡುಕ ಮೂರೂ ಪುಂಗಿಗೆ ಹೇಳಿ ಮಾಡಿಸಿದಂಥವು. ಸೋರೆಬುರುಡೆಯ ಪುಂಗಿಯಲ್ಲಿ ಎರಡು ಕೊಳವೆ: ಒಂದು ಬಿಡದೆ ಶ್ರುತಿ ಹಿಡಿದಿರುತ್ತದೆ, ಇನ್ನೊಂದರಲ್ಲಿ ಧಾಟಿ ಓಡಾಡುತ್ತದೆ. ಕ್ಲಾವಿಯೋಲಿನ್‌ನ ಒಂಟಿ ಸ್ವರ ಒಪ್ಪುವುದು ಈ ಧಾಟಿಯ ಕೊಳವೆಗೆ.

ಅದೇ ವಾದ್ಯ ಎಂಟು ವರ್ಷದ ನಂತರ ಲಂಡನ್ನಿನಲ್ಲಿ ಇನ್ನೊಂದು ಆಟ ಆಡಿತು. 1962ರ ಜುಲೈ 10ರಂದು ಅಮೆರಿಕ ಟೆಲ್‌ಸ್ಟಾರ್ ಉಪಗ್ರಹವನ್ನು ಹಾರಿಸಿ, ಅಟ್ಲಾಂಟಿಕ್ ಸಾಗರದ ಈಚೆಗೆ ಟಿ.ವಿ. ಚಿತ್ರ ದಾಟಿಸಿತು. ಆ ಹುಮ್ಮಸ್ಸಿನಲ್ಲಿ ಜೋ ಮೀಕ್ ಎಂಬ ಧ್ವನಿಮುದ್ರಕ ಅದೇ ಹೆಸರಿನಲ್ಲಿ ಮಾತಿಲ್ಲದ ರಾಕ್ ಅಂಡ್ ರೋಲ್ ಕೃತಿಯೊಂದನ್ನು ಕಟ್ಟಿದ. ಅವನಿಗೆ ಯಾವ ವಾದ್ಯವೂ ಬರುತ್ತಿರಲಿಲ್ಲ. ಧಾಟಿಯನ್ನು ಬಾಯಲ್ಲಿ ಗುನುಗಿ ಟೇಪಿಗೆ ಹಾಕಿ, ಉಳಿದವರಿಂದ ಸ್ವರ ಕೂಡಿಸುತ್ತಿದ್ದ. ಸ್ಟುಡಿಯೊ ಎಂದರೆ ಹಾಲೋವೇ ರಸ್ತೆಯ ಚರ್ಮದ ಸಾಮಾನಿನ ಅಂಗಡಿಯ ಮೇಲಿನ ಬಾಡಿಗೆ ಮನೆ. ಟಾರ್ನಡೋಸ್ ತಂಡ ನುಡಿಸಿದ 'ಟೆಲ್‌ಸ್ಟಾರ್'ನ ಮುಖ್ಯ ಧಾಟಿ ಹೊರಟಿದ್ದು ಕ್ಲಾವಿಯೋಲಿನ್‌ನಿಂದ. ಬ್ರಿಟನ್ನಿನಲ್ಲಿ ಐದು ವಾರ, ಅಮೆರಿಕದಲ್ಲಿ ಮೂರು ವಾರ ಅದೇ ಮೊದಲ ಸ್ಥಾನದಲ್ಲಿತ್ತು. ಅಮೆರಿಕದ ಪಟ್ಟಿಯಲ್ಲಿ ಬ್ರಿಟಿಷ್ ತಂಡವೊಂದು ಮೊದಲನೆಯದಾದದ್ದು ಅದೇ ಮೊದಲು. ಬೀಟಲ್ಸ್ ಆ ಜಾಗಕ್ಕೆ ಬಂದದ್ದು 1964ರಲ್ಲಿ. ವೆಂಚರ್ಸ್‌ನಂಥ ಗಿಟಾರ್ ತಂಡಗಳು ಬೇಗನೆ ತಮ್ಮದೇ ರೀತಿಯಲ್ಲಿ ಅದನ್ನು ನುಡಿಸಿ ಮಾರಿದವು. ಮೀಕ್‌ಗೆ ಮಾತ್ರ ರಾಯಲ್ಟಿ ದಕ್ಕಲಿಲ್ಲ. ಧಾಟಿ ತನ್ನ ಚಲನಚಿತ್ರ ಸಂಗೀತದ ಕಳವು ಎಂದು ಫ್ರಾನ್ಸಿನ ಜಾನ್ ಲೆದ್ರು ಎಂಬ ಸಂಗೀತಗಾರ ಮೊಕದ್ದಮೆ ಹೂಡಿದ; ಹಣ ತಡೆಹಿಡಿಯಲಾಯಿತು. 1967ರ ಫೆಬ್ರವರಿಯಲ್ಲಿ ಮೀಕ್ ಸತ್ತ. ತೀರ್ಪು ಅವನ ಪರವಾಗಿ ಬಂದದ್ದು ಆಮೇಲೆ.

ಒಂದೇ ಪೆಟ್ಟಿಗೆ ಲಂಡನ್ನಿನಲ್ಲಿ ಆಕಾಶದ ದನಿಯಾಯಿತು, ಮುಂಬೈಯಲ್ಲಿ ಹುತ್ತದ ದನಿಯಾಯಿತು. ನಮ್ಮದೇ ಹೆಚ್ಚು ಬಾಳಿತು ಎಂಬುದು ನನ್ನ ಅಭಿಪ್ರಾಯ.

ಹಾವಿಗೂ ನಾದಕ್ಕೂ ನಂಟು ಹಾಕುವುದು ನಮ್ಮಲ್ಲಿ ಸಿನಿಮಾಕ್ಕಿಂತ ಹಳೆಯದು. ನಾದಸ್ವರದವರು ಪುನ್ನಾಗವರಾಳಿ ರಾಗ ಹಿಡಿದರೆ ನಾಗರ ಬರುತ್ತದೆಂದು, ರಾತ್ರಿ ಹೊತ್ತು ಅದನ್ನು ಊದಬಾರದೆಂದು ಹಿರಿಯರು ಹೇಳುತ್ತಿದ್ದರು. ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಕಣ್ಣು ಹಾಯಿಸಿದಷ್ಟೂ ನಾಗರಕಲ್ಲುಗಳೇ. ಹರಕೆ ಹೊತ್ತವರು ತಲೆಮಾರುಗಳಿಂದ ಪ್ರತಿಷ್ಠೆ ಮಾಡಿಸುತ್ತಾ ಬಂದಿದ್ದಾರೆ. ಅದೇ ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದವರು ಭೌತವಿಜ್ಞಾನಿ, ವಿಚಾರವಾದಿ ಎಚ್. ನರಸಿಂಹಯ್ಯ. ಏಕೆ, ಹೇಗೆ ಎಂದು ಕೇಳದೆ ಏನನ್ನೂ ಒಪ್ಪದ ಮೇಷ್ಟ್ರು. ಅವರ ದಾರಿಯಲ್ಲಿ ಕೇಳಿದರೆ ಉತ್ತರ ಇಷ್ಟು: ಹಾವಿಗೆ ಹೊರಗಿವಿ ಇಲ್ಲ, ಹಾವಾಡಿಗನ ಪುಂಗಿ ಅತ್ತಿತ್ತ ಓಲಾಡುವುದನ್ನು ನೋಡಿ ಅದು ಹೆಡೆ ತಿರುಗಿಸುತ್ತದೆ. ನೆಲದ ಅದುರು ಅದಕ್ಕೆ ಚೆನ್ನಾಗಿ ತಿಳಿಯುತ್ತದೆ. ಹಾಗಾಗಿ ನಮ್ಮ ಮೆರವಣಿಗೆಯಲ್ಲಿ ಹಾವಿಗೆ ಏನಾದರೂ ಮುಟ್ಟುವುದಿದ್ದರೆ ಅದು ಕ್ಲಾರಿನೆಟ್ ಅಲ್ಲ, ದೊಡ್ಡ ಡ್ರಮ್ಮಿನ ಗುದ್ದು!

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಮೇಲೆ ಬುಟ್ಟಿ ಹೊತ್ತ ಹಾವಾಡಿಗರು ಬೀದಿಗಳಿಂದ ಕಮ್ಮಿಯಾಗುತ್ತಾ ಹೋದರು. ಇಂದಿನ ಮಕ್ಕಳಲ್ಲಿ ನಿಜವಾದ ಪುಂಗಿ ಕೇಳಿದವರು ಅಪರೂಪ. ಅವರಿಗೆ ಪುಂಗಿಯೆಂದರೆ ನಾಗಿನ್ ಧಾಟಿಯೇ. ಅಸಲು ಹೋಯಿತು, ನಕಲು ಉಳಿಯಿತು. ನಕಲಿನ ನಕಲುಗಳು ಬೆಳೆದವು. 1986ರ 'ನಗೀನಾ'ದಲ್ಲಿ ಲಕ್ಷ್ಮೀಕಾಂತ್–ಪ್ಯಾರೇಲಾಲ್ ಶ್ರೀದೇವಿಗಾಗಿ ಪುಂಗಿಯ ನಾದವನ್ನು ಮತ್ತೆ ಎಬ್ಬಿಸಿದರು. ಬ್ಯಾಂಡಿನವರು ಎರಡು ಚಿತ್ರಗಳ ತುಣುಕುಗಳನ್ನು ಹೊಲಿಗೆ ಕಾಣದಂತೆ ಸೇರಿಸಿ ಒಂದೇ 'ನಾಗಿನ್' ಮಾಡಿಕೊಂಡರು. 2018ರಲ್ಲಿ ಕೊಲಂಬೊದ ನಿದಹಾಸ್ ಟ್ರೋಫಿ ಕ್ರಿಕೆಟ್ಟಿನಲ್ಲಿ ಬಾಂಗ್ಲಾದೇಶದ ಮುಷ್ಫಿಕುರ್ ರಹೀಮ್ ಮೈದಾನದಲ್ಲೇ ಹೆಡೆ ಎತ್ತಿದಾಗ ಯಾರಿಗೂ ಅರ್ಥ ಹೇಳಬೇಕಾಗಲಿಲ್ಲ.

ಬ್ಯಾಂಡ್‌ಸೆಟ್ಟಿನಲ್ಲಿ ಇದನ್ನು ನುಡಿಸುವುದು ಕಾಣುವಷ್ಟು ಸುಲಭವಲ್ಲ. ಟ್ರಂಪೆಟ್ ಸ್ವರದಿಂದ ಸ್ವರಕ್ಕೆ ನೆಗೆಯುತ್ತದೆ, ಜಾರುವುದು ಅದಕ್ಕೆ ಕಷ್ಟ. ಅದಕ್ಕೇ ಧಾಟಿ ಕ್ಲಾರಿನೆಟ್ಟಿಗೋ ಸ್ಯಾಕ್ಸೊಫೋನಿಗೋ ಬೀಳುತ್ತದೆ. ತುಟಿಯ ಹಿಡಿತ ಸಡಿಲಿಸಿ ಸ್ವರವನ್ನು ಬಾಗಿಸುವ ಕಲೆ ಅವರದು. ಹಿಂದೆ ಯಾರಾದರೂ ಒಬ್ಬರು ಷಡ್ಜ ಹಿಡಿದು ನಿಲ್ಲಬೇಕು, ಪುಂಗಿಯ ಶ್ರುತಿಯ ಕೊಳವೆಯ ಹಾಗೆ. ಬಗಲಲ್ಲಿ ತಮಟೆ ಇದ್ದರಂತೂ ಕುಣಿತದ ಲೆಕ್ಕವೇ ಬೇರೆ. ಗಣೇಶನ ಹಬ್ಬದ ಆರ್ಕೆಸ್ಟ್ರಾದಲ್ಲಿ ಕೀಬೋರ್ಡಿನವನು ಎಡಗೈಯ ಚಕ್ರ ತಿರುಗಿಸಿ ಅದೇ ಜಾರು ತರುತ್ತಾನೆ. ಡಿ.ಜೆ. ಲಾರಿಯಲ್ಲಿ ಅದೂ ಬೇಡ, ಪೆನ್‌ಡ್ರೈವ್ ಸಾಕು. ಸದ್ದು ಜೋರು, ಆದರೆ ಕುಣಿಯುವವನ ಮುಖ ನೋಡಿ ಧಾಟಿಯನ್ನು ಇನ್ನೊಂದು ಸುತ್ತು ಎಳೆಯುವುದು ಪೆನ್‌ಡ್ರೈವಿಗೆ ಗೊತ್ತಿಲ್ಲ.

ನಮ್ಮ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ತಮಟೆಗೆ ಸಲ್ಲಬೇಕಾದ ಮರ್ಯಾದೆ ತಡವಾಗಿಯಾದರೂ ಸಂದಿತು. ಬ್ಯಾಂಡಿನವರ ಸರದಿ ಇನ್ನೂ ಬಂದಿಲ್ಲ. ಜರತಾರಿ ಸಮವಸ್ತ್ರ ತೊಟ್ಟು ನಡೆಯುವ ಇವರು ಶಾಸ್ತ್ರೀಯದವರೂ ಅಲ್ಲ, ಜಾನಪದದವರೂ ಅಲ್ಲ ಎಂದು ಎರಡೂ ಪಂಕ್ತಿಯಿಂದ ಹೊರಗುಳಿದಿದ್ದಾರೆ.

ಒಂದು ವಿಷಯದಲ್ಲಿ ಮಾತ್ರ ಅವರು ಜೋ ಮೀಕ್‌ಗಿಂತ ಅದೃಷ್ಟವಂತರು. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ಮದುವೆ ಮೆರವಣಿಗೆಯಲ್ಲಿ ನುಡಿಸುವ ಸಂಗೀತಕ್ಕೆ ವಿನಾಯಿತಿ ಕೊಟ್ಟಿದೆ. ನಾಗಿನ್ ಬಾರಿಸಿದ್ದಕ್ಕೆ ಅವರು ಯಾರಿಗೂ ಕಾಸು ಕಟ್ಟಬೇಕಿಲ್ಲ. ಅವರಿಗೆ ಕೊಡಬೇಕಾದ ಕಾಸಿಗೆ ಅಂಥ ವಿನಾಯಿತಿ ಯಾವ ಕಾಯ್ದೆಯಲ್ಲೂ ಇಲ್ಲ. ಮಾತಾಡಿಕೊಂಡಷ್ಟನ್ನು ಮೆರವಣಿಗೆ ಮುಗಿದ ರಾತ್ರಿಯೇ ಎಣಿಸಿ ಕೊಟ್ಟುಬಿಡಿ.