ಮಾದರಿ ಪೋರ್ಟ್‌ಫೋಲಿಯೊದಲ್ಲಿ ‘ಖರೀದಿಸಿ’ ಎಂಬುದರ ಅರ್ಥ

ವಾಣಿಜ್ಯ ಪತ್ರಿಕೆಗಳಲ್ಲಿ, ಷೇರು ದಲ್ಲಾಳಿ ಸಂಸ್ಥೆಗಳ ವರದಿಗಳಲ್ಲಿ ‘ಮಾದರಿ ಪೋರ್ಟ್‌ಫೋಲಿಯೊ’ ಎಂಬ ಪಟ್ಟಿಯನ್ನು ನೀವು ನೋಡಿರಬಹುದು. ಹತ್ತು ಹದಿನೈದು ಕಂಪನಿಗಳ ಹೆಸರು, ಜೊತೆಗೆ ಒಂದಿಷ್ಟು ಚಿನ್ನ. ಪ್ರತಿಯೊಂದರ ಎದುರು ಒಂದು ಶೇಕಡಾ ಪ್ರಮಾಣ. ಕೊನೆಯ ಅಂಕಣದಲ್ಲಿ ‘ಖರೀದಿಸಿ’, ‘ಇಟ್ಟುಕೊಳ್ಳಿ’ ಅಥವಾ ‘ಮಾರಿ’. ಬಹುಮಂದಿ ಓದುವುದು ಕೊನೆಯ ಅಂಕಣವನ್ನು ಮಾತ್ರ. ‘ಖರೀದಿಸಿ’ ಎಂದಿದ್ದರೆ ಬೆಲೆ ಏರುತ್ತದೆ ಎಂದು ತಿಳಿದು ಉಳಿತಾಯದ ಹಣವನ್ನು ಅಲ್ಲಿ ಹಾಕುತ್ತಾರೆ. ಆದರೆ ಅನೇಕ ವೇಳೆ ಆ ಪದ ಹುಟ್ಟುವುದು ಶೇಕಡಾ ಅಂಕಣದಿಂದ. ಒಂದು ಲೆಕ್ಕ ಮಾಡಿ ನೋಡೋಣ.

ಮಾದರಿಯಲ್ಲಿ 1,00,000 ರೂ. ಇದೆ, ಷೇರು ಶೇ. 80, ಚಿನ್ನ ಶೇ. 20 ಎಂದುಕೊಳ್ಳಿ. ವರ್ಷದ ನಂತರ ಷೇರುಗಳು ಶೇ. 40 ಕುಸಿದರೆ 80,000 ರೂ. 48,000 ಆಗುತ್ತದೆ. ಚಿನ್ನ ಶೇ. 25 ಏರಿದರೆ 20,000 ರೂ. 25,000 ಆಗುತ್ತದೆ. ಒಟ್ಟು 73,000. ಈಗ ಚಿನ್ನದ ಪಾಲು ಸುಮಾರು ಶೇ. 34ಕ್ಕೆ ಬೆಳೆದಿದೆ. ಮೊದಲಿನ ಅನುಪಾತಕ್ಕೆ ಮರಳಲು ಷೇರು 58,400, ಚಿನ್ನ 14,600 ಇರಬೇಕು. ಎಂದರೆ 10,400 ರೂಪಾಯಿಯ ಚಿನ್ನ ಮಾರಿ ಅಷ್ಟಕ್ಕೂ ಷೇರು ಕೊಳ್ಳಬೇಕು. ವರದಿಯಲ್ಲಿ ‘ಷೇರು ಖರೀದಿಸಿ, ಚಿನ್ನ ಮಾರಿ’ ಎಂದು ಬರುತ್ತದೆ. ಇದರಲ್ಲಿ ಭವಿಷ್ಯದ ಊಹೆ ಎಲ್ಲಿದೆ? ಇರುವುದು ಗುಣಾಕಾರ, ಭಾಗಾಕಾರ ಅಷ್ಟೆ.

ಈಗ ಇದೇ ವರದಿಯನ್ನು ಓದುವ ಒಬ್ಬರ ಬಳಿ 50,000 ರೂ. ಇದೆ, ಎಲ್ಲವೂ ಷೇರುಗಳಲ್ಲೇ ಇದೆ ಎನ್ನಿ. 80:20ರ ಸೂತ್ರವನ್ನು ಅವರಿಗೆ ಅನ್ವಯಿಸಿದರೆ 10,000 ರೂಪಾಯಿಯ ಷೇರು ಮಾರಿ ಚಿನ್ನ ಕೊಳ್ಳಬೇಕು. ಸೂತ್ರ ಒಂದೇ, ಸಲಹೆ ಮಾತ್ರ ತದ್ವಿರುದ್ಧ! ಆದ್ದರಿಂದ ಕೊನೆಯ ಅಂಕಣವನ್ನು ನಕಲು ಮಾಡದೆ, ಶೇಕಡಾ ಅಂಕಣವನ್ನು ನಿಮ್ಮ ಹಣಕ್ಕೆ ಹೊಂದಿಸಿ ಲೆಕ್ಕ ಹಾಕಿ.

ಪಟ್ಟಿಯಲ್ಲಿ ಚಿನ್ನಕ್ಕೆ ಜಾಗ ಏಕೆ? ಷೇರು ಇಳಿದಾಗಲೆಲ್ಲ ಅದು ಇಳಿಯಬೇಕೆಂದಿಲ್ಲ. 2008ರ ಜನವರಿಯಲ್ಲಿ 20,000 ದಾಟಿದ್ದ ಸೆನ್ಸೆಕ್ಸ್ ಅಕ್ಟೋಬರ್ ಕೊನೆಯ ವೇಳೆಗೆ ಸುಮಾರು 8,500ಕ್ಕೆ ಬಿದ್ದಿತು. ಆ ವರ್ಷ ಚಿನ್ನ ಔನ್ಸಿಗೆ ಸುಮಾರು 834 ಡಾಲರಿನಿಂದ 870 ಡಾಲರಿಗೆ ಏರಿತು, ಏರಿಕೆ ಶೇ. 4ರಷ್ಟು ಮಾತ್ರ. ಆದರೆ ಡಾಲರಿನ ಬೆಲೆ ಸುಮಾರು 39.4 ರೂ.ನಿಂದ 48.5 ರೂ.ಗೆ, ಎಂದರೆ ಶೇ. 23ರಷ್ಟು ಹೆಚ್ಚಿತು. ಎರಡನ್ನೂ ಗುಣಿಸಿ: 1.04 × 1.23 = 1.28. ರೂಪಾಯಿ ಲೆಕ್ಕದಲ್ಲಿ ಚಿನ್ನ ಸುಮಾರು ಶೇ. 28 ಏರಿತ್ತು. ಅದರ ಬಹುಪಾಲು ರೂಪಾಯಿಯ ಕುಸಿತವೇ. ಇದಕ್ಕೆ ಆಮದು ಸುಂಕವೂ ಸೇರುತ್ತದೆ. 2024ರ ಜುಲೈನಲ್ಲಿ ಸುಂಕವನ್ನು ಶೇ. 15ರಿಂದ 6ಕ್ಕೆ ಇಳಿಸಿದಾಗ ವಿಶ್ವಪೇಟೆಯಲ್ಲಿ ಅಂಥ ಬದಲಾವಣೆ ಇಲ್ಲದಿದ್ದರೂ ಇಲ್ಲಿ ಬೆಲೆ ತಟ್ಟನೆ ತಗ್ಗಿತು. ಚಿನ್ನದ ಶಿಫಾರಸನ್ನು ಓದುವಾಗ ಈ ಮೂರು ಅಂಶಗಳಲ್ಲಿ ಯಾವುದನ್ನು ಕುರಿತು ಹೇಳಿದ್ದಾರೆ ಎಂದು ಕೇಳಿಕೊಳ್ಳಿ.

ಚಿನ್ನ ಸದಾ ಕಾಯುತ್ತದೆ ಎಂಬ ನಂಬಿಕೆಯೂ ಬೇಡ. 1980ರ ಜನವರಿಯಲ್ಲಿ 850 ಡಾಲರ್ ಮುಟ್ಟಿದ್ದ ಚಿನ್ನ ಆ ಮಟ್ಟವನ್ನು ಮತ್ತೆ ದಾಟಿದ್ದು 2008ರಲ್ಲಿ. ಅಷ್ಟು ವರ್ಷ ಅದು ಬಡ್ಡಿ, ಲಾಭಾಂಶ ಯಾವುದನ್ನೂ ಕೊಡಲಿಲ್ಲ. ಇನ್ನು ಮನೆಯ ಒಡವೆಗಳನ್ನು ಈ ಶೇ. 20ರಲ್ಲಿ ಸೇರಿಸಬಾರದು ಎಂಬುದು ನನ್ನ ಅಭಿಪ್ರಾಯ. ಅನುಪಾತ ಸರಿಪಡಿಸಲು ತಾಳಿಸರ ಮಾರುವವರು ಯಾರು? ಕೊಟ್ಟ ಮಜೂರಿಯೂ ಹಿಂದಿರುಗುವುದಿಲ್ಲ. 2007ರಲ್ಲಿ ಭಾರತಕ್ಕೆ ಬಂದ ಚಿನ್ನದ ಇ.ಟಿ.ಎಫ್.ಗಳನ್ನು ಷೇರಿನಂತೆಯೇ ಮಾರಬಹುದು.

‘ನಮ್ಮ ಮಾದರಿ ಸತತ ಹತ್ತು ವರ್ಷ ಪೇಟೆಯನ್ನು ಮೀರಿದೆ’ ಎಂಬ ಜಾಹೀರಾತು ಕಂಡರೆ ತರಗತಿಯಲ್ಲಿ ಈ ಲೆಕ್ಕ ಕೊಡಿ. 1,024 ಮಂದಿ ನಾಣ್ಯ ಚಿಮ್ಮಿ ಊಹಿಸಿದರೆ ಹತ್ತು ಸಲವೂ ಸರಿಯಾಗಿ ಹೇಳುವವರು ಸರಾಸರಿ ಒಬ್ಬರು. ಪತ್ರಿಕೆಯಲ್ಲಿ ಬರುವುದು ಅವರ ಚಿತ್ರ. ಜೊತೆಗೆ ಶಿಫಾರಸಿನ ದಿನಾಂಕ, ಅಂದಿನ ಬೆಲೆ ನೋಡಿ: 100 ರೂ.ಗೆ ಕೊಂಡು 120ಕ್ಕೆ ಮಾರಿದೆವೆಂದು ಅವರು ಶೇ. 20 ಬರೆದುಕೊಂಡರೂ, ವರದಿ ಕೈಸೇರುವಾಗ ಬೆಲೆ 110 ಆಗಿದ್ದರೆ ನಿಮಗೆ ದಕ್ಕುವುದು ಶೇ. 9ರಷ್ಟು. ವರದಿಯ ಅಡಿಯಲ್ಲಿ ಸಣ್ಣ ಅಕ್ಷರಗಳಿರುತ್ತವೆ. ಸೆಬಿಯ 2014ರ ನಿಯಮಗಳ ಪ್ರಕಾರ, ಶಿಫಾರಸು ಮಾಡಿದ ಕಂಪನಿಯಲ್ಲಿ ತನಗೆ ಹಣಕಾಸಿನ ಹಿತಾಸಕ್ತಿ ಇದೆಯೇ ಎಂಬುದನ್ನು ವಿಶ್ಲೇಷಕ ಅಲ್ಲಿ ತಿಳಿಸಬೇಕು. ಅದನ್ನು ಮೊದಲು ಓದಿ, ಪಟ್ಟಿಯನ್ನು ಆಮೇಲೆ ನೋಡಿ.