ಮೆನುವಿನಲ್ಲಿ ಕಾಣದ ತಂತ್ರಾಂಶವನ್ನು ಕಂಡುಕೊಳ್ಳುವ ಬಗೆ

ವಯನಾಡು ಜಿಲ್ಲೆಯ ಗಡಿಭಾಗದ ಪ್ರೌಢಶಾಲೆಯೊಂದರಲ್ಲಿ ಜಿಯೋಜೀಬ್ರಾ ಬಳಸಿ ವೃತ್ತಗಳ ಪಾಠ ನಡೆಯಬೇಕಾಗಿದೆ ಎಂದಿಟ್ಟುಕೊಳ್ಳಬಹುದು. ಮೂರು ಲ್ಯಾಪ್‌ಟಾಪ್‌ಗಳ ಮೆನುವಿನಲ್ಲಿ ಆ ಹೆಸರೇ ಇಲ್ಲ. ತಂತ್ರಾಂಶ ಅಳಿಸಿಹೋಗಿದೆ, ಇಡೀ ವ್ಯವಸ್ಥೆಯನ್ನು ಹೊಸದಾಗಿ ಅಳವಡಿಸಬೇಕು ಎಂಬ ತೀರ್ಮಾನಕ್ಕೆ ಬರುವುದು ಇಂತಹ ಸಂದರ್ಭದಲ್ಲಿ ಸಹಜ. ಆದರೆ ಪ್ರತಿ ತೆಗೆದಿರಿಸದೆ ಹಾಗೆ ಮಾಡಿದರೆ ಮಕ್ಕಳು ವರ್ಷವಿಡೀ ರಚಿಸಿದ ಚಿತ್ರಗಳೂ ಪ್ರಾಯೋಗಿಕ ಕಾರ್ಯಗಳೂ ಅಳಿದುಹೋಗಬಹುದು. ಅಷ್ಟು ದೊಡ್ಡ ಬೆಲೆ ತೆರುವ ಮೊದಲು ತಂತ್ರಾಂಶವು ನಿಜವಾಗಿಯೂ ಇಲ್ಲವೇ ಎಂದು ತಿಳಿಯುವುದು ಅಗತ್ಯ.

ಕೇರಳದಲ್ಲಿ 2001ರಲ್ಲಿ ಆರಂಭವಾದ ಐ.ಟಿ. ಅಟ್ ಸ್ಕೂಲ್ ಯೋಜನೆಯು 2017ರಲ್ಲಿ ಕೈಟ್ ಸಂಸ್ಥೆಯಾಗಿ ರೂಪುಗೊಂಡಿತು. ಶಾಲೆಗಳಲ್ಲಿ ಬಳಕೆಯಲ್ಲಿರುವ ಕೈಟ್ ಗ್ನು ಲಿನಕ್ಸ್ ವ್ಯವಸ್ಥೆಗೆ ಉಬುಂಟು ಆಧಾರ. ಈ ವ್ಯವಸ್ಥೆಯಲ್ಲಿ ತಂತ್ರಾಂಶವೇ ಬೇರೆ, ಮೆನುವಿನಲ್ಲಿ ಕಾಣುವ ಅದರ ಹೆಸರೇ ಬೇರೆ. ಪ್ರತಿಯೊಂದು ಹೆಸರಿನ ಹಿಂದೆಯೂ 'ಡಾಟ್ ಡೆಸ್ಕ್‌ಟಾಪ್' ಎಂದು ಕೊನೆಗೊಳ್ಳುವ ಒಂದು ಚಿಕ್ಕ ಪಠ್ಯ ಫೈಲ್ ಇರುತ್ತದೆ. ಗ್ರಂಥಾಲಯದ ಸೂಚೀಪತ್ರದಲ್ಲಿ ಚೀಟಿ ಕಳೆದರೂ ಪುಸ್ತಕ ಕಪಾಟಿನಲ್ಲೇ ಇರುವಂತೆ, ಈ ಫೈಲ್ ಕೆಟ್ಟರೂ ತಂತ್ರಾಂಶ ಉಳಿದಿರಬಹುದು.

ಹಾಗಾಗಿ ಮೊದಲು ಮಾಡಬೇಕಾದುದು ಟರ್ಮಿನಲ್ ತೆರೆದು ತಂತ್ರಾಂಶದ ಇಂಗ್ಲಿಷ್ ಹೆಸರನ್ನು ಸಣ್ಣ ಅಕ್ಷರಗಳಲ್ಲಿ ಟೈಪ್ ಮಾಡಿ ಎಂಟರ್ ಒತ್ತುವುದು. ಜಿಂಪ್, ಇಂಕ್‌ಸ್ಕೇಪ್, ಜಿಯೋಜೀಬ್ರಾಗಳಿಗೆ ಸಾಮಾನ್ಯವಾಗಿ ಇಷ್ಟೇ ಸಾಕು. ತಂತ್ರಾಂಶ ತೆರೆದುಕೊಂಡರೆ ಆ ದಿನದ ಪಾಠ ಸಾಗುತ್ತದೆ. ದೋಷವಿರುವುದು ಮೆನುವಿನಲ್ಲಿ ಮಾತ್ರ. ಆಜ್ಞೆಯೇ ಸಿಗಲಿಲ್ಲ ಎಂಬ ಉತ್ತರ ಬಂದರೆ ಆ ತಂತ್ರಾಂಶವೊಂದನ್ನು ಮಾತ್ರ ಮರಳಿ ಅಳವಡಿಸಬೇಕಾದೀತು. ಮಳೆಗಾಲದಲ್ಲಿ ಅಳವಡಿಕೆಯ ನಡುವೆಯೇ ವಿದ್ಯುತ್ ಹೋಗಿ ಕೆಲಸ ಅರ್ಧಕ್ಕೆ ನಿಂತಿರುವುದೂ ಉಂಟು. ಆಗಲೂ ಅರ್ಧಕ್ಕೆ ನಿಂತ ಅಳವಡಿಕೆಯನ್ನು ಪೂರ್ಣಗೊಳಿಸಿದರೆ ಸಾಕು, ಇಡೀ ವ್ಯವಸ್ಥೆಯನ್ನು ತೆಗೆಯಬೇಕಾಗಿಲ್ಲ.

ಎರಡನೆಯ ಪರೀಕ್ಷೆ ಇನ್ನೂ ಸುಲಭ. ಅದೇ ಯಂತ್ರದಲ್ಲಿ ಬೇರೊಬ್ಬ ಬಳಕೆದಾರರಾಗಿ ಲಾಗಿನ್ ಆಗಿ ನೋಡಬೇಕು. ಅಲ್ಲಿ ಹೆಸರು ಕಂಡರೆ ದೋಷವು ಮೊದಲನೆಯ ಬಳಕೆದಾರರ ಹೋಮ್ ಫೋಲ್ಡರ್‌ನಲ್ಲಿದೆ ಎಂದರ್ಥ. ಎಲ್ಲರಿಗೂ ಅನ್ವಯಿಸುವ ಫೈಲ್‌ಗಳು 'ಯು.ಎಸ್.ಆರ್.' ಫೋಲ್ಡರ್‌ನೊಳಗಿನ 'ಷೇರ್'ನಲ್ಲಿ, ಅದರೊಳಗಿನ 'ಅಪ್ಲಿಕೇಶನ್ಸ್'ನಲ್ಲಿರುತ್ತವೆ. ಒಬ್ಬ ಬಳಕೆದಾರರಿಗೆ ಮಾತ್ರ ಸೇರಿದವು ಹೋಮ್‌ನೊಳಗಿನ 'ಡಾಟ್ ಲೋಕಲ್' ಎಂಬ ಅಡಗಿದ ಫೋಲ್ಡರ್‌ನ 'ಷೇರ್', 'ಅಪ್ಲಿಕೇಶನ್ಸ್'ಗಳಲ್ಲಿರುತ್ತವೆ. ಕಂಟ್ರೋಲ್ ಮತ್ತು ಎಚ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಅಡಗಿದ ಫೋಲ್ಡರ್‌ಗಳು ಕಾಣುತ್ತವೆ. ಎರಡು ಕಡೆಯೂ ಒಂದೇ ಹೆಸರಿನ ಫೈಲ್ ಇದ್ದರೆ ಹೋಮ್‌ನಲ್ಲಿರುವುದಕ್ಕೇ ಮನ್ನಣೆ. ಮೆನು ತಿದ್ದುವ ಸಾಧನದಲ್ಲಿ ಕುತೂಹಲದಿಂದ ಗುರುತು ತೆಗೆದ ಮಗುವಿಗೆ ಇದು ತಿಳಿದಿರುವುದಿಲ್ಲ. ಅಲ್ಲಿ ಉಂಟಾದ ಪ್ರತಿಯನ್ನು ಬೇರೆಡೆಗೆ ಸರಿಸಿದರೆ ಮೂಲ ಹೆಸರು ಮರಳಿ ಬರುತ್ತದೆ.

ಫೈಲನ್ನು ಪಠ್ಯ ಸಂಪಾದಕದಲ್ಲಿ ತೆರೆದರೆ ಉಳಿದ ಕಾರಣಗಳೂ ಕಣ್ಣಿಗೆ ಬೀಳುತ್ತವೆ. 'ನೋಡಿಸ್‌ಪ್ಲೇ' ಎಂಬ ಸಾಲಿನ ಮುಂದೆ 'ಟ್ರೂ' ಎಂದಿದ್ದರೆ ಹೆಸರನ್ನು ಬೇಕೆಂದೇ ಮರೆಮಾಡಲಾಗಿದೆ. 'ಓನ್ಲಿಶೋಇನ್' ಸಾಲಿದ್ದರೆ ಅಲ್ಲಿ ಹೇಳಿದ ಡೆಸ್ಕ್‌ಟಾಪ್‌ನಲ್ಲಿ ಮಾತ್ರ ಅದು ಕಾಣುತ್ತದೆ. 'ಎಕ್ಸೆಕ್' ಸಾಲು ತಂತ್ರಾಂಶ ಇರುವ ಸ್ಥಳವನ್ನು ಹೇಳುತ್ತದೆ. ಡೆಸ್ಕ್‌ಟಾಪ್ ಮೇಲಿದ್ದ ಫೋಲ್ಡರನ್ನು ಯಾರಾದರೂ ಸರಿಸಿದ್ದರೆ ಗ್ನೋಮ್ ಮೆನು ಯಾವ ದೋಷಸಂದೇಶವನ್ನೂ ಕೊಡದೆ ಆ ಹೆಸರನ್ನು ಬಿಟ್ಟುಬಿಡುತ್ತದೆ. ಈ ಮೌನವೇ ಅಧ್ಯಾಪಕರನ್ನು ದಾರಿ ತಪ್ಪಿಸುವುದು. 'ಕೆಟಗರೀಸ್' ಸಾಲು ಇಲ್ಲದಿದ್ದರೆ ವರ್ಗಗಳಾಗಿ ವಿಂಗಡಿಸಿದ ಮೆನುವಿನಲ್ಲಿ ಶಿಕ್ಷಣ ವಿಭಾಗದಲ್ಲಿರಬೇಕಾದ ಹೆಸರು ಇತರೆ ವಿಭಾಗಕ್ಕೆ ಹೋಗಿರುತ್ತದೆ.

ಕನ್ನಡ ಅಧ್ಯಾಪಕರು ವಿಶೇಷವಾಗಿ ಗಮನಿಸಬೇಕಾದ ಇನ್ನೊಂದು ಕಾರಣವಿದೆ. ಒಂದೇ ಫೈಲಿನಲ್ಲಿ ಹಲವು ಭಾಷೆಗಳ ಹೆಸರುಗಳಿರುತ್ತವೆ. 'ನೇಮ್' ಎಂಬ ಸಾಲು ಮೂಲ ಹೆಸರು. ಅದೇ ಪದಕ್ಕೆ ಅಂಟಿದಂತೆ ಚೌಕ ಆವರಣದೊಳಗೆ ಕೆ, ಎನ್ ಎಂಬ ಅಕ್ಷರಗಳಿದ್ದರೆ ಕನ್ನಡದ ಹೆಸರು, ಎಂ, ಎಲ್ ಇದ್ದರೆ ಮಲಯಾಳದ್ದು. ಯಂತ್ರದ ಭಾಷೆಯನ್ನು ಬದಲಾಯಿಸಿದೊಡನೆ ಹೆಸರುಗಳೂ ಅವುಗಳ ಅಕಾರಾದಿ ಸ್ಥಾನಗಳೂ ಬದಲಾಗುತ್ತವೆ. ಕನ್ನಡ ಹೆಸರಿಲ್ಲದ ತಂತ್ರಾಂಶ ಇಂಗ್ಲಿಷಿನಲ್ಲೇ ಉಳಿಯುವುದರಿಂದ ಮೆನು ಎರಡು ಲಿಪಿಗಳ ಮಿಶ್ರಣವಾಗುತ್ತದೆ. ಹಿಂದಿನ ತರಗತಿಯವರು ಮಲಯಾಳಕ್ಕೆ ಬದಲಾಯಿಸಿಟ್ಟ ಯಂತ್ರದ ಮುಂದೆ ಕುಳಿತ ಕನ್ನಡ ಮಾಧ್ಯಮದ ಮಗು, ತಂತ್ರಾಂಶ ಕಣ್ಣೆದುರಿಗಿದ್ದರೂ ಇಲ್ಲವೆಂದೇ ಹೇಳೀತು. ಇದನ್ನು ಮಗುವಿನ ಅಜ್ಞಾನವೆಂದು ಎಣಿಸುವುದು ಅನ್ಯಾಯ.

ಕನ್ನಡ ಹೆಸರಿಲ್ಲದಿದ್ದರೆ ಅಧ್ಯಾಪಕರೇ ಅದನ್ನು ಸೇರಿಸಬಹುದು. ಮೂಲ ಫೈಲನ್ನು ಹೆಸರು ಬದಲಿಸದೆ ಹೋಮ್‌ನ 'ಅಪ್ಲಿಕೇಶನ್ಸ್' ಫೋಲ್ಡರ್‌ಗೆ ಪ್ರತಿ ಮಾಡಿ, 'ನೇಮ್' ಸಾಲಿನ ಕೆಳಗೆ ಕೆ, ಎನ್ ಅಕ್ಷರಗಳುಳ್ಳ ಸಾಲನ್ನು ಬರೆದು, ಸಮಚಿಹ್ನೆಯ ನಂತರ ಯೂನಿಕೋಡ್ ಕನ್ನಡದಲ್ಲಿ ಹೆಸರನ್ನು ಟೈಪ್ ಮಾಡಿ ಉಳಿಸಬೇಕು. ನುಡಿ, ಬರಹಗಳ ಹಳೆಯ ಫಾಂಟ್ ಸಂಕೇತಗಳಲ್ಲಿ ಬರೆದರೆ ಮೆನುವಿನಲ್ಲಿ ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ. ಯಂತ್ರದ ಭಾಷೆ ಕನ್ನಡವಾಗಿದ್ದಾಗ ಮಾತ್ರ ಈ ಸಾಲು ಬಳಕೆಗೆ ಬರುತ್ತದೆ. ಇತರರ ಮೆನು ಮೊದಲಿನಂತೆಯೇ ಇರುತ್ತದೆ. ಬದಲಾವಣೆ ಕಾಣದಿದ್ದರೆ ಒಮ್ಮೆ ಲಾಗೌಟ್ ಆಗಿ ಮತ್ತೆ ಲಾಗಿನ್ ಆಗಬೇಕು.