ಕುದುರೆಮುಖ ರಾಷ್ಟ್ರೀಯ ಉದ್ಯಾನದಲ್ಲಿ ಬೈಸಿಕಲ್ ಪ್ರವಾಸ: ಅನುಮತಿ ಯಾವಾಗ ಅಗತ್ಯ?

ಪಶ್ಚಿಮ ಘಟ್ಟದ ಕುದುರೆಮುಖ ಪ್ರದೇಶವನ್ನು 1987ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿಸಲಾಯಿತು. ತುಂಗಾ, ಭದ್ರಾ, ನೇತ್ರಾವತಿ ನದಿಗಳ ಉಗಮ ಪ್ರದೇಶವೂ ಸಿಂಗಳೀಕಗಳ ನೆಲೆಯೂ ಆದ ಈ ಉದ್ಯಾನದ ಮೂಲಕ ಕಾರ್ಕಳ–ಕಳಸ ರಸ್ತೆಯು ಹಾದುಹೋಗುತ್ತದೆ.

ವನ್ಯಜೀವಿ (ಸಂರಕ್ಷಣಾ) ಅಧಿನಿಯಮ, 1972ರ 27ನೇ ಪ್ರಕರಣದನ್ವಯ ಸಾರ್ವಜನಿಕ ಹೆದ್ದಾರಿಯಲ್ಲಿ ಹಾದುಹೋಗುವವರಿಗೆ ಪ್ರವೇಶ ಅನುಮತಿಪತ್ರದ ಅಗತ್ಯವಿರುವುದಿಲ್ಲ. ಆದರೆ ಈ ವಿನಾಯಿತಿಯು ಹಾದುಹೋಗುವುದಕ್ಕೆ ಮಾತ್ರ ಅನ್ವಯಿಸುತ್ತದೆ. ರಸ್ತೆಯನ್ನು ಬಿಟ್ಟು ಕಾಲುದಾರಿ, ಹುಲ್ಲುಗಾವಲು ಅಥವಾ ತೊರೆಯ ಬದಿಗೆ ಹೋಗಬಯಸುವವರು 28ನೇ ಪ್ರಕರಣದನ್ವಯ ಮುಂಚಿತವಾಗಿ ಅನುಮತಿಪತ್ರ ಪಡೆದಿರತಕ್ಕದ್ದು.

ಸವಾರರು ಗಮನಿಸಬೇಕಾದ ಅಂಶಗಳು:

1. ತನಿಖಾ ಠಾಣೆಯಲ್ಲಿ ಸಿಬ್ಬಂದಿಯು ನೀಡುವ ಸೂಚನೆಗಳನ್ನು ಪಾಲಿಸತಕ್ಕದ್ದು. ಏರುದಾರಿಯಲ್ಲಿ ಬೈಸಿಕಲ್ ನಿಧಾನವಾಗಿ ಸಾಗುವುದರಿಂದ, ಹಗಲಿನಲ್ಲಿಯೇ ಉದ್ಯಾನವನ್ನು ದಾಟುವಂತೆ ಬೆಳಗ್ಗೆ ಬೇಗ ಹೊರಡುವುದು ಸೂಕ್ತ.
2. ಬೈಸಿಕಲ್ ಸದ್ದಿಲ್ಲದೆ ಚಲಿಸುವುದರಿಂದ ಕಾಟಿ ಮುಂತಾದ ಪ್ರಾಣಿಗಳಿಗೆ ಸವಾರರು ತೀರಾ ಸಮೀಪಿಸುವವರೆಗೆ ಅರಿವಾಗದಿರಬಹುದು. ತಿರುವುಗಳಲ್ಲಿ ವೇಗವನ್ನು ತಗ್ಗಿಸುವುದು. ಪ್ರಾಣಿಗಳು ಕಂಡಲ್ಲಿ ದೂರದಲ್ಲಿಯೇ ನಿಂತು ಅವುಗಳಿಗೆ ದಾರಿ ಬಿಡುವುದು.
3. ಮಳೆಗಾಲದಲ್ಲಿ ಘಟ್ಟ ಇಳಿಯುವ ಮುನ್ನ ಬ್ರೇಕುಗಳನ್ನು ಪರೀಕ್ಷಿಸಿಕೊಳ್ಳುವುದು.
4. ಪ್ರಾಣಿಗಳನ್ನು ಕೆಣಕುವುದು, ಕಸ ಎಸೆಯುವುದು ಹಾಗೂ ಬೆಂಕಿ ಹಚ್ಚುವುದು ನಿಷಿದ್ಧ.

ಹೆಚ್ಚಿನ ವಿವರಗಳಿಗೆ ಕಾರ್ಕಳದಲ್ಲಿರುವ ಕುದುರೆಮುಖ ವನ್ಯಜೀವಿ ವಿಭಾಗದ ಕಚೇರಿಯನ್ನು ಸಂಪರ್ಕಿಸಬಹುದು.